ವೃಂದಗಾನದಲ್ಲಿ ಕನ್ನಡದ ಪಾಲು

ಹೊರನಾಡಿನಲ್ಲಿ ಕನ್ನಡದ ಅಳಿವು-ಉಳಿವಿನ ಪ್ರಶ್ನೆ ಬಂದಾಗಲೆಲ್ಲ ನಮ್ಮ ಚರ್ಚೆ ಕನ್ನಡ ಶಾಲೆ, ಪಠ್ಯಪುಸ್ತಕ, ಗ್ರಂಥಾಲಯ, ಅನುದಾನ ಈ ನಾಲ್ಕರ ಸುತ್ತಲೇ ತಿರುಗುತ್ತದೆ. ಇವು ಮುಖ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೈದರಾಬಾದಿನಂತಹ ನಗರದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಲ್ಲಿ ಬಹುಪಾಲು ಮಕ್ಕಳು ಕನ್ನಡ ಮಾಧ್ಯಮದ ಶಾಲೆಗೆ ಹೋಗುವವರಲ್ಲ. ಕಾಚಿಗೂಡದ ನೃಪತುಂಗ ಶಾಲೆಯಂತಹ ಸಂಸ್ಥೆಗಳ ಬಗ್ಗೆ ಅಭಿಮಾನ ಪಡುತ್ತಲೇ ಮನೆಗೆ ಹತ್ತಿರದ ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಸೇರಿಸುವವರು ನಾವು. ಆ ಶಾಲೆಗಳ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಳವಿಲ್ಲ. ಮುಂದೆ ದೊರೆಯುವ ಸಂಭವವೂ ಕಡಿಮೆ. ಕರ್ನಾಟಕವು 2015ರಲ್ಲಿ ಕನ್ನಡದ ಕಲಿಕೆಯನ್ನೂ ತೆಲಂಗಾಣವು 2018ರಲ್ಲಿ ತೆಲುಗಿನ ಕಲಿಕೆಯನ್ನೂ ಶಾಸನದ ಮೂಲಕ ಶಾಲೆಗಳಲ್ಲಿ ಕಡ್ಡಾಯಗೊಳಿಸಿದವು. ರಾಜ್ಯವೊಂದು ತನ್ನ ನೆಲದ ನುಡಿಯನ್ನು ಹೀಗೆ ಕಾಪಾಡಿಕೊಳ್ಳುವುದು ನ್ಯಾಯವೇ. ಅದರ ಫಲವಾಗಿ ನಮ್ಮ ಹುಡುಗಿ ತೆಲುಗು, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಿಯುತ್ತಾಳೆ. ನಾಲ್ಕನೆಯ ಭಾಷೆಗೆ ಪೀರಿಯಡ್ ಉಳಿಯುವುದಿಲ್ಲ. ಪರೀಕ್ಷೆಯ ಹಂಗಿಲ್ಲದೆ ಮತ್ತೊಂದು ಭಾಷೆ ಒಳಗೆ ಬರಬಹುದಾದ ಎಡೆಯೊಂದು ಇಂತಹ ಶಾಲೆಯಲ್ಲಿ ಇದ್ದರೆ ಅದು ಸಂಗೀತದ ಕೊಠಡಿ. ಪ್ರಸ್ತುತ ಲೇಖನ ಆ ಕೊಠಡಿಯನ್ನು ಕುರಿತದ್ದು. ಅದರಲ್ಲೂ ಸ್ಪರ್ಧೆಗಳಿಗೂ ಉತ್ಸವಗಳಿಗೂ ಸಜ್ಜಾಗುವ ಹೆಣ್ಣುಮಕ್ಕಳ ಗಾಯನ ತಂಡಗಳನ್ನು ಕುರಿತದ್ದು.

ನಾಂಪಲ್ಲಿಯನ್ನು ಉದಾಹರಣೆಗೆ ಆರಿಸಿಕೊಳ್ಳಲು ಕಾರಣವಿದೆ. 1874ರಲ್ಲಿ ವಾಡಿಯಿಂದ ನಿಜಾಮರ ರೈಲು ಮಾರ್ಗ ಬಂದಂದಿನಿಂದ, 1907ರಲ್ಲಿ ಇಲ್ಲಿನ ರೈಲು ನಿಲ್ದಾಣ ತೆರೆದಂದಿನಿಂದ, ಕಲಬುರಗಿ ರಾಯಚೂರು ಕಡೆಯ ಕನ್ನಡಿಗರು ಕಚೇರಿ, ನ್ಯಾಯಾಲಯ, ಆಸ್ಪತ್ರೆ, ಕಾಲೇಜುಗಳ ಕೆಲಸಕ್ಕೆ ಬಂದಿಳಿದದ್ದು ಈ ಪ್ರದೇಶದಲ್ಲಿ. 1956ರವರೆಗೆ ಇದು ಅವರ ರಾಜಧಾನಿಯೇ ಆಗಿತ್ತು. ಹೈದರಾಬಾದ್ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಇಲ್ಲಿ ಉಳಿದ ಕುಟುಂಬಗಳು ಅನೇಕ. ಆಮೇಲೆ ನನ್ನಂತಹ ಕೇಂದ್ರ ಸರ್ಕಾರದ ನೌಕರರು ವರ್ಗಾವಣೆಯ ಆದೇಶ ಹಿಡಿದು ಬಂದು ಅವರನ್ನು ಕೂಡಿಕೊಂಡೆವು.

ಇದೇ ಪ್ರದೇಶ ನಗರದ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಹಳೆಯ ಕೇಂದ್ರವೂ ಹೌದು. ಚಾಪೆಲ್ ರಸ್ತೆಯ ಸ್ಟ್ಯಾನ್ಲಿ ಬಾಲಕಿಯರ ಶಾಲೆ, ಗನ್‌ಫೌಂಡ್ರಿಯ ಮಹಬೂಬಿಯಾ ಮತ್ತು ರೋಸರಿ ಕಾನ್ವೆಂಟ್ ಶಾಲೆಗಳು, ವಸ್ತುಪ್ರದರ್ಶನದ ಮೈದಾನದಲ್ಲಿರುವ ಸರೋಜಿನಿ ನಾಯಿಡು ವನಿತಾ ಮಹಾವಿದ್ಯಾಲಯ ಎಲ್ಲವೂ ಒಂದು ಮೈಲಿ ಆಸುಪಾಸಿನಲ್ಲಿವೆ. ಹಾಡಲು ವೇದಿಕೆಗಳೂ ಅಷ್ಟೇ ಸಮೀಪ. ಪಬ್ಲಿಕ್ ಗಾರ್ಡನ್ಸಿನಲ್ಲಿ ಬಾಲಭವನ, ಲಲಿತಕಲಾ ತೋರಣದ ಬಯಲು ರಂಗಮಂದಿರ. ಅದರ ಬದಿಗೆ 1985ರಲ್ಲಿ ಸ್ಥಾಪನೆಯಾದ ತೆಲುಗು ವಿಶ್ವವಿದ್ಯಾಲಯದ ಆವರಣ. ಸ್ವಲ್ಪ ಮುಂದೆ ಠಾಕೂರರ ಜನ್ಮಶತಾಬ್ದಿಯ ಸ್ಮಾರಕವಾಗಿ 1961ರಲ್ಲಿ ತೆರೆದ ರವೀಂದ್ರ ಭಾರತಿ. 1938ರಲ್ಲಿ ಆರಂಭವಾಗಿ ಜನವರಿ ಒಂದರಿಂದ ಒಂದೂವರೆ ತಿಂಗಳು ನಡೆಯುವ ಸಂಪ್ರದಾಯದ ನುಮಾಯಿಷ್. ಶಾಲಾ ತಂಡವೊಂದು ಸಮವಸ್ತ್ರದಲ್ಲೇ, ಹಾರ್ಮೋನಿಯಂ ತಬಲಾಗಳನ್ನು ಒಂದು ಆಟೋದಲ್ಲಿ ಹೇರಿಕೊಂಡು, ಈ ಎಲ್ಲ ವೇದಿಕೆಗಳನ್ನೂ ತಲಪಬಲ್ಲದು.

ಈ ತಂಡಗಳು ನಡೆಯುವ ಬಗೆಯನ್ನು ಬಲ್ಲವರು ಬಲ್ಲರು. ಆರರಿಂದ ಹತ್ತನೆಯ ತರಗತಿಯವರೆಗಿನ ಎಂಟು-ಹತ್ತು ಹುಡುಗಿಯರು. ಇಡೀ ಶಾಲೆಗೆ ಒಬ್ಬರೇ ಸಂಗೀತ ಶಿಕ್ಷಕಿ, ಅವರದೂ ಎಷ್ಟೋ ಕಡೆ ಅರೆಕಾಲಿಕ ನೌಕರಿ. ಬೆಳಗಿನ ಪ್ರಾರ್ಥನೆಗೆ ಮುನ್ನ ಅಥವಾ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಭ್ಯಾಸ. ಆಗಸ್ಟ್ 15ಕ್ಕೆ ದೇಶಭಕ್ತಿಗೀತೆ, ನವರಾತ್ರಿಗೆ ಮುನ್ನ ಬತುಕಮ್ಮನ ಹಾಡು, ಮಿಷನ್ ಶಾಲೆಗಳಲ್ಲಿ ಡಿಸೆಂಬರಿಗೆ ಕ್ರಿಸ್ಮಸ್ ಗೀತೆಗಳು, ಜನವರಿ 26, ವಾರ್ಷಿಕೋತ್ಸವ, ನಡುವೆ ಅಂತರಶಾಲಾ ಸ್ಪರ್ಧೆಗಳು. ಕನ್ನಡದ ಹುಡುಗಿಯೊಬ್ಬಳು ಈ ತಂಡದಲ್ಲಿ ಐದು ವರ್ಷ ಕಳೆದಳೆಂದರೆ ತೆಲುಗು, ಹಿಂದಿ, ಸಂಸ್ಕೃತ, ಇಂಗ್ಲಿಷ್ ಹಾಡುಗಳು ಅವಳಿಗೆ ಕಂಠಸ್ಥವಾಗುತ್ತವೆ. ಉರ್ದು ತರಾನಾ ಒಂದೆರಡು ಸೇರಿದರೂ ಆಶ್ಚರ್ಯವಿಲ್ಲ. ಇದು ಸಂತೋಷದ ವಿಷಯ. ನಮ್ಮ ಮಕ್ಕಳು ಬತುಕಮ್ಮನ ಸುತ್ತ ಚಪ್ಪಾಳೆ ತಟ್ಟಿ ಹಾಡುವುದನ್ನು ನೋಡಿ ಹಿಗ್ಗದ ಕನ್ನಡಿಗ ಈ ಊರಿನ ಋಣ ಅರಿಯದವನು. ನನ್ನ ಪ್ರಶ್ನೆ ಬೇರೆ. ಐದು ಭಾಷೆಗಳಲ್ಲಿ ಹಾಡುವ ಆ ಕಂಠ ಆರನೆಯದಾದ ತನ್ನ ಮನೆಮಾತಿನಲ್ಲಿ ಹಾಡುವುದು ನವೆಂಬರಿನ ಒಂದು ಸಂಜೆ, ನಮ್ಮ ಸಂಘದ ಸಭಾಂಗಣದಲ್ಲಿ ಮಾತ್ರ. ಅವಳ ತರಗತಿಯ ಗೆಳತಿಯರು ಆ ಹಾಡನ್ನು ಎಂದೂ ಕೇಳಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಶಾಲೆಯಲ್ಲಿ ನಡೆದ ಸಮೂಹಗಾನ ಸ್ಪರ್ಧೆಗೆ ತೀರ್ಪುಗಾರರಲ್ಲೊಬ್ಬನಾಗಿ ಹೋಗಿದ್ದೆ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಸ್ವಲ್ಪ ಕಾಲ ಹಿಂದುಸ್ತಾನಿ ಸಂಗೀತ ಕಲಿತದ್ದೇ ನನ್ನ ಅರ್ಹತೆ. ಹಾಡಿದ ತಂಡಗಳಲ್ಲಿ ಒಂದೂ ಕನ್ನಡ ಗೀತೆಯನ್ನು ಆರಿಸಿಕೊಂಡಿರಲಿಲ್ಲ. ಬಹುಮಾನ ವಿತರಣೆಯಾದ ಮೇಲೆ ಗೆದ್ದ ತಂಡದ ಹುಡುಗಿಯೊಬ್ಬಳು ನಾನು ಕನ್ನಡಿಗನೆಂದು ತಿಳಿದು ಹತ್ತಿರ ಬಂದು, ತಮ್ಮದು ಸೇಡಂ ಕಡೆಯ ಮನೆತನವೆಂದಳು. ನಿಮ್ಮ ತಂಡ ಕನ್ನಡದ್ದೊಂದು ಹಾಡಬಹುದಿತ್ತಲ್ಲವೇ ಎಂದು ಕೇಳಿದೆ. "ಲಿಸ್ಟಿನಾಗ ಕನ್ನಡ ಇಲ್ರೀ ಅಂಕಲ್" ಎಂದಳು. ಅವಳ ಮಾತಿನಲ್ಲಿ ದೂರಾಗಲಿ ಬೇಸರವಾಗಲಿ ಇರಲಿಲ್ಲ. ಇದ್ದ ಸಂಗತಿಯನ್ನು ಹೇಳಿದಳು.

ಮೂರು ದಶಕ ಲೆಕ್ಕಪತ್ರಗಳ ಇಲಾಖೆಯಲ್ಲಿ ಕಳೆದವನಿಗೆ ಈ ಉತ್ತರ ಚೆನ್ನಾಗಿ ಅರ್ಥವಾಗುತ್ತದೆ. ಶೀರ್ಷಿಕೆಯಿಲ್ಲದ ಬಾಬಿಗೆ ಹಣ ಬಿಡುಗಡೆಯಾಗುವುದಿಲ್ಲ. ಹಾಗೆಯೇ ಸ್ಪರ್ಧೆಯ ಪಟ್ಟಿಯಲ್ಲಿಲ್ಲದ ಭಾಷೆಗೆ ಅಭ್ಯಾಸದ ಸಮಯ ಬಿಡುಗಡೆಯಾಗುವುದಿಲ್ಲ. ಶಿಕ್ಷಕಿಯನ್ನು ದೂರಿ ಫಲವಿಲ್ಲ. ಆಕೆಗೆ ಇರುವುದು ವಾರಕ್ಕೆ ನಾಲ್ಕೈದು ಗಂಟೆ. ಅದನ್ನು ಶಾಲೆಗೆ ಬಹುಮಾನ ತರುವ ಹಾಡಿಗೇ ವೆಚ್ಚ ಮಾಡಬೇಕು. ಭಾರತ ವಿಕಾಸ ಪರಿಷತ್ತು 1967ರಲ್ಲಿ ಆರಂಭಿಸಿದ ರಾಷ್ಟ್ರೀಯ ಸಮೂಹಗಾನ ಸ್ಪರ್ಧೆಯಲ್ಲಿ ಹಿಂದಿ, ಸಂಸ್ಕೃತ ಗೀತೆಗಳಿಗೆ ಸ್ಥಾನ ನಿಗದಿಯಾಗಿದೆ. ಪ್ರಾದೇಶಿಕ ಗೀತೆಯೆಂದರೆ ಹೈದರಾಬಾದಿನ ತಂಡ ಸಹಜವಾಗಿ ತೆಲುಗನ್ನು ಎತ್ತಿಕೊಳ್ಳುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಪ್ರಾರಂಭಿಸಿದ ಕಲಾ ಉತ್ಸವಕ್ಕೂ ತಂಡಗಳು ತಂತಮ್ಮ ರಾಜ್ಯದ ಪರಂಪರೆಯನ್ನೇ ಹಿಡಿದು ಹೋಗುತ್ತವೆ. ಅದೇ ವರ್ಷ ಅಕ್ಟೋಬರ್ 31ರಂದು ಘೋಷಿತವಾದ 'ಏಕ್ ಭಾರತ್ ಶ್ರೇಷ್ಠ ಭಾರತ್' ಯೋಜನೆಯಲ್ಲಿ ರಾಜ್ಯಗಳನ್ನು ಜೋಡಿ ಮಾಡಿ, ಮಕ್ಕಳು ಪರಸ್ಪರರ ಹಾಡು ನುಡಿಗಳನ್ನು ಕಲಿಯಲೆಂದು ಉದ್ದೇಶಿಸಲಾಯಿತು. ತೆಲಂಗಾಣಕ್ಕೆ ಜೋಡಿಯಾದದ್ದು ಹರಿಯಾಣ, ಕರ್ನಾಟಕಕ್ಕೆ ಉತ್ತರಾಖಂಡ. ದೂರದವರನ್ನು ಹತ್ತಿರ ತರುವ ಉದ್ದೇಶ ಒಳ್ಳೆಯದೇ. ಆದರೆ ನಾಂಪಲ್ಲಿಯ ಹುಡುಗಿ ಹರಿಯಾಣದ ಹಾಡು ಕಲಿಯಲು ಅವಕಾಶವಿದ್ದು, ನೂರೈವತ್ತು ಕಿಲೋಮೀಟರಿನೊಳಗಿನ ಬೀದರಿನ ಹಾಡಿಗೆ, ಪಕ್ಕದ ಬೆಂಚಿನಲ್ಲೇ ಕುಳಿತ ಗೆಳತಿಯ ಹಾಡಿಗೆ ಅವಕಾಶವಿಲ್ಲದಿರುವುದು ವಿಚಿತ್ರವಲ್ಲವೇ? ನೆರೆಹೊರೆಯ ಭಾಷೆಗಳು ಯಾವ ಪಟ್ಟಿಗೂ ಸೇರದೆ ನಡುವೆ ಉಳಿದುಬಿಡುತ್ತವೆ.

ಪಟ್ಟಿಗೆ ಸೇರಿದರೆ ಏನಾಗುತ್ತದೆಂಬುದಕ್ಕೆ ಕಾಸರಗೋಡು ಸಾಕ್ಷಿ. ಕೇರಳ ರಾಜ್ಯ ಶಾಲಾ ಕಲೋತ್ಸವದ ಸ್ಪರ್ಧೆಗಳ ಪಟ್ಟಿಯಲ್ಲಿ ಕನ್ನಡ ಕಂಠಪಾಠ, ಕನ್ನಡ ಭಾಷಣಗಳಿಗೆ ಸ್ಥಾನವಿದೆ, ಯಕ್ಷಗಾನಕ್ಕೂ ಇದೆ. ಕಾಸರಗೋಡಿನ ಕನ್ನಡಿಗರಿಗೆ ಆ ರಾಜ್ಯದೊಡನೆ ಎಷ್ಟೋ ವ್ಯಾಜ್ಯಗಳಿರಬಹುದು, ಅವುಗಳಲ್ಲಿ ನ್ಯಾಯವಾದವೂ ಹಲವಿರಬಹುದು; ಆದರೆ ಈ ಒಂದು ಏರ್ಪಾಟಿನಿಂದ ಆಗಿರುವ ಪ್ರಯೋಜನವನ್ನು ಮರೆಯುವಂತಿಲ್ಲ. 2019ರ ನವೆಂಬರ್ ಕೊನೆಗೆ ಅರುವತ್ತನೆಯ ಕಲೋತ್ಸವ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ, ಅಂದರೆ ನಮ್ಮ ಹಿರಿಯರು ಹೊಸದುರ್ಗವೆಂದು ಕರೆಯುತ್ತಿದ್ದ ಊರಿನಲ್ಲಿ ನಡೆಯಿತು. ಯಕ್ಷಗಾನ ಸ್ಪರ್ಧೆಗೆ ಕೇರಳದ ಬೇರೆ ಜಿಲ್ಲೆಗಳ ಶಾಲೆಗಳೂ ತಂಡ ಕಟ್ಟುತ್ತವೆ. ಮನೆಯಲ್ಲಿ ಕನ್ನಡದ ಒಂದಕ್ಷರ ಕೇಳದ ಮಲಯಾಳಿ ಹುಡುಗಿಯರು ಕಾಸರಗೋಡಿನ ಗುರುಗಳಿಂದ ತಾಳ, ಹೆಜ್ಜೆಗಳೊಡನೆ ಕನ್ನಡದ ಮಾತುಗಾರಿಕೆಯನ್ನೂ ಕಲಿತು ರಂಗಕ್ಕೆ ಬರುತ್ತಾರೆ. ಯಾವ ಭಾಷಾಭಿಮಾನದ ಭಾಷಣವೂ ಮಾಡಲಾಗದ ಕೆಲಸವನ್ನು ಪಟ್ಟಿಯ ಒಂದು ಸಾಲು ಮಾಡಿತು. ಕಲೋತ್ಸವದಲ್ಲಿ ದೋಷಗಳಿಲ್ಲವೆಂದಲ್ಲ. ಅಂಕದಾಸೆ, ವೇಷಭೂಷಣದ ದುಂದು, ತೀರ್ಪಿನ ವಿರುದ್ಧ ಮೇಲ್ಮನವಿ ಇವೆಲ್ಲ ಅಲ್ಲಿನ ಪತ್ರಿಕೆಗಳಲ್ಲೇ ಚರ್ಚೆಯಾಗುತ್ತ ಬಂದಿವೆ. ಆ ದೋಷಗಳನ್ನು ಬಿಟ್ಟು ಆ ಸಾಲನ್ನು ಮಾತ್ರ ನಾವು ತೆಗೆದುಕೊಳ್ಳಬಹುದು.

ಇನ್ನೊಂದು ನಿದರ್ಶನ ಒಳನಾಡಿನದೇ. ಕರ್ನಾಟಕದ ಶಿಕ್ಷಣ ಇಲಾಖೆ ಆರಂಭಿಸಿದ ಪ್ರತಿಭಾ ಕಾರಂಜಿಯ ಸ್ಪರ್ಧೆಗಳಲ್ಲಿ ತೆಲುಗು, ಉರ್ದು, ತಮಿಳು, ಮರಾಠಿ, ತುಳು, ಕೊಂಕಣಿ ಭಾಷೆಗಳ ಕಂಠಪಾಠಕ್ಕೆ ಅವಕಾಶವಿದೆ. ಸಾಮೂಹಿಕ ಸ್ಪರ್ಧೆಗಳಲ್ಲಿ ಜಾನಪದ ನೃತ್ಯದೊಡನೆ ಕವ್ವಾಲಿಯೂ ಉಂಟು. ರಾಯಚೂರಿನ ತೆಲುಗು ಮನೆಯ ಹುಡುಗಿ ಸರ್ಕಾರಿ ಸ್ಪರ್ಧೆಯಲ್ಲಿ ತನ್ನ ಮಾತೃಭಾಷೆಯ ಪದ್ಯವನ್ನು ಹೇಳಿ ಬಹುಮಾನ ಪಡೆಯಬಹುದಾದರೆ, ಹೈದರಾಬಾದಿನ ಕನ್ನಡ ಹುಡುಗಿಗೂ ಅಂತಹ ಅವಕಾಶವಿರಲೆಂದು ಕೋರುವುದು ಭಿಕ್ಷೆಯಾಗುವುದಿಲ್ಲ. ನೆರೆಯವರ ನಡುವಣ ಕೊಡು-ಕೊಳೆಯಾಗುತ್ತದೆ. ತೆಲಂಗಾಣದ ನಾರಾಯಣಪೇಟೆ, ಕೃಷ್ಣಾ, ಜಹೀರಾಬಾದ್ ಗಡಿಯಲ್ಲಿ ಕನ್ನಡ ಮನೆಮಾತಾಗಿರುವ ಊರುಗಳೇ ಇವೆಯೆಂಬುದನ್ನೂ ಈ ಕೋರಿಕೆಯಲ್ಲಿ ನೆನಪಿಸಬಹುದು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ನಮ್ಮ ಸಂಘದ ಮಿತ್ರರಲ್ಲೇ ಹಲವರು ಇದನ್ನು ಒಪ್ಪಲಾರರು. ಕನ್ನಡ ಹುಡುಗಿಯರದೇ ಪ್ರತ್ಯೇಕ ತಂಡ ಕಟ್ಟಿ, ಅವರಿಗೆ ಪ್ರತ್ಯೇಕ ಬಹುಮಾನ ಇಡುವುದನ್ನು ನಾನು ಬಯಸುವುದಿಲ್ಲ. ಶಾಲೆಯ ಈಗಿರುವ ತಂಡವೇ, ತೆಲುಗು, ಉರ್ದು, ಮರಾಠಿ, ಮಾರವಾಡಿ ಮನೆಗಳ ಹುಡುಗಿಯರೆಲ್ಲ ಸೇರಿ, ವರ್ಷಕ್ಕೆ ಒಂದು ಕನ್ನಡ ಗೀತೆಯನ್ನು ಹಾಡುವಂತಾಗಬೇಕು. ಸಂಘದ ಸ್ಪರ್ಧೆಯಲ್ಲಿ ನಮ್ಮ ಹುಡುಗಿ ಹಾಡುವುದು ಚಿಕ್ಕಪ್ಪ, ದೊಡ್ಡಮ್ಮಂದಿರಂತಿರುವ ನಮ್ಮ ಮುಂದೆ. ನಾವು ಹೇಗೂ ಚಪ್ಪಾಳೆ ತಟ್ಟುವವರೇ. ಹದಿಮೂರು ವರ್ಷದ ಹುಡುಗಿಗೆ ಮುಖ್ಯವಾದದ್ದು ಗೆಳತಿಯರ ಅಭಿಪ್ರಾಯ. ಮನೆಯಲ್ಲಾಡುವ ಮಾತು ಶಾಲೆಯಲ್ಲಿ ಯಾರಿಗೂ ಬೇಡದ್ದೆಂದು ಅವಳಿಗೆ ಒಮ್ಮೆ ಅನಿಸಿತೆಂದರೆ ಮನೆಯಲ್ಲೂ ಅದನ್ನು ಕೈಬಿಡುತ್ತಾಳೆ. ಅದೇ ಮಾತಿನ ಉಚ್ಚಾರವನ್ನು ತರಗತಿಯ ಒಂಬತ್ತು ಮಂದಿ ಗೆಳತಿಯರು ಅವಳಿಂದ ಕೇಳಿ ತಿದ್ದಿಕೊಳ್ಳುವ ದಿನ ಬಂದರೆ, ಕನ್ನಡ ಬಲ್ಲೆನೆಂಬುದು ಅವಳಿಗೆ ಮೊದಲ ಬಾರಿ ಒಂದು ಅರ್ಹತೆಯಾಗಿ ಕಾಣುತ್ತದೆ. ಹತ್ತು ವರ್ಷದ ಬಾಲಬೋಧೆಯ ತರಗತಿಗಳಿಗಿಂತ ಅಂತಹ ಒಂದು ತಿಂಗಳು ಹೆಚ್ಚಿನ ಕೆಲಸ ಮಾಡುತ್ತದೆಂದು ನನ್ನ ನಂಬಿಕೆ.

ಹಾಡೊಂದು ಹೆಣ್ಣುಮಕ್ಕಳ ಶಾಲೆಯ ಮೂಲಕ ಭಾಷೆಯಿಂದ ಭಾಷೆಗೆ ದಾಟಿದ ಒಂದು ಪ್ರಸಂಗ ನಮ್ಮ ಚರಿತ್ರೆಯಲ್ಲೇ ಇದೆ. ರವೀಂದ್ರನಾಥ ಠಾಕೂರರ ಅಕ್ಕ ಸ್ವರ್ಣಕುಮಾರೀದೇವಿಯ ಮಗಳು ಸರಳಾದೇವಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮೈಸೂರಿನ ಮಹಾರಾಣಿಯವರ ಬಾಲಕಿಯರ ಶಾಲೆಯಲ್ಲಿ ಅಧ್ಯಾಪಕಿಯಾಗಿದ್ದರು. ಮೈಸೂರು ಸೀಮೆಯಲ್ಲಿ ಕೇಳಿದ ಧಾಟಿಗಳನ್ನು ಅವರು ಸಂಗ್ರಹಿಸಿ ಸೋದರಮಾವನಿಗೆ ಒಪ್ಪಿಸಿದರು. ಠಾಕೂರರು ಅವಕ್ಕೆ ಬಂಗಾಳಿಯ ಮಾತುಗಳನ್ನು ತೊಡಿಸಿದರು. 'ಆನಂದಲೋಕೇ ಮಂಗಳಾಲೋಕೇ' ಎಂಬ ಪ್ರಸಿದ್ಧ ಗೀತೆಯ ಧಾಟಿಯನ್ನು ಬಂಗಾಳದವರು ಇಂದಿಗೂ ಮೈಸೂರಿನ ಭಜನೆಯದೆಂದೇ ಗುರುತಿಸುತ್ತಾರೆ. ಇಷ್ಟು ದೊಡ್ಡ ಫಲಕ್ಕೆ ಕಾರಣವಾದದ್ದು ಒಬ್ಬ ಶಿಕ್ಷಕಿ ತನ್ನದಲ್ಲದ ಭಾಷೆಯ ಹಾಡನ್ನು ಕಿವಿಗೊಟ್ಟು ಕೇಳಿದ್ದು. ಆ ಠಾಕೂರರ ಹೆಸರಿನ ಭವನದಲ್ಲಿ ನಮ್ಮ ಶಾಲಾ ತಂಡಗಳು ಹಾಡುತ್ತವೆ.

ಬಾಲ್ಯದಲ್ಲಿ ಸಾರ್ವಜನಿಕ ವೇದಿಕೆಯ ಮೇಲೆ ಹಾಡಿದ್ದು ಹೆಣ್ಣುಮಗಳ ಬಾಳಿನಲ್ಲಿ ಎಂತಹ ನೆನಪಾಗಿ ಉಳಿಯುತ್ತದೆಂಬುದಕ್ಕೆ ಗಂಗೂಬಾಯಿ ಹಾನಗಲ್ಲರನ್ನು ನೆನೆಯಬಹುದು. 1913ರಲ್ಲಿ ಹುಟ್ಟಿದ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಸಮ್ಮುಖದಲ್ಲಿ, ಸ್ವಾಗತಗೀತೆ ಹಾಡಿದ ಬಾಲೆ; ಇಳಿವಯಸ್ಸಿನಲ್ಲೂ ಅದನ್ನು ಹೇಳಿಕೊಳ್ಳುತ್ತಿದ್ದರು. ಇನ್ನು ಈ ಊರಿಗೆ ಸಮೂಹಗಾನದ ಬೆಲೆಯನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಬೇಕಾಯಿತು. ಹಲವರು ಕೂಡಿ ಹಾಡುವುದೆಂದರೆ ಕೇವಲ ಕಾಲಕ್ಷೇಪವಲ್ಲವೆಂದು ಅಂದಿನ ಆಳುವವರಿಗೂ ಗೊತ್ತಿತ್ತು.

ಈಗ ಆಕ್ಷೇಪಗಳನ್ನು ನೋಡೋಣ. ಕನ್ನಡ ಬಾರದ ಹುಡುಗಿಯರು ಹಾಡಿದರೆ ಉಚ್ಚಾರ ಕೆಡುತ್ತದೆ ಎನ್ನುವುದು ಮೊದಲನೆಯದು. ತೆಲುಗು ಮಾತೃಭಾಷೆಯ ಮಕ್ಕಳಿಗೆ ಕನ್ನಡದ ಉಚ್ಚಾರ ಕಷ್ಟವಲ್ಲ, ಲಿಪಿಯೂ ಅಕ್ಕತಂಗಿಯರಂತೆ. ತೆಲುಗಿನಲ್ಲಿ ಪಕಾರವಿರುವ ಎಷ್ಟೋ ಕಡೆ ನಮ್ಮಲ್ಲಿ ಹಕಾರವಿದೆ ಎಂಬಷ್ಟನ್ನು ಹೇಳಿಕೊಟ್ಟರೆ, ಅವರ ಪಾಲು ನಮ್ಮ ಹಾಲಾಗುವುದನ್ನು ಅವರೇ ಕಂಡುಕೊಂಡು ನಗುತ್ತಾರೆ. ಉರ್ದು, ಹಿಂದಿ ಮನೆಯ ಮಕ್ಕಳಿಗೆ ಲಕಾರ-ಳಕಾರಗಳ, ನಕಾರ-ಣಕಾರಗಳ ವ್ಯತ್ಯಾಸವನ್ನು ಸ್ವಲ್ಪ ಅಭ್ಯಾಸ ಮಾಡಿಸಬೇಕು, ಅಷ್ಟೆ. ಇಷ್ಟಕ್ಕೂ ಕರ್ನಾಟಕ ಸಂಗೀತ ಕಲಿಯುವ ತೆಲುಗು ಹುಡುಗಿ ಸರಳೆ, ಜಂಟಿ, ಅಲಂಕಾರಗಳು ಮುಗಿದೊಡನೆ ಮೊದಲು ಹಾಡುವುದು ಮಲಹರಿ ರಾಗದ ಪಿಳ್ಳಾರಿ ಗೀತೆಗಳನ್ನು. ಅವು ಪುರಂದರದಾಸರ ರಚನೆಗಳು, ಅವುಗಳಲ್ಲಿ ಕನ್ನಡದವೂ ಇವೆ. ಕನ್ನಡ ಅವಳ ಬಾಯಿಯಲ್ಲಿ ಆಗಲೇ ಇದೆ; ಅದು ಕನ್ನಡವೆಂದು ಅವಳಿಗೆ ತಿಳಿಸುವವರಿಲ್ಲ.

ತೀರ್ಪುಗಾರರಿಗೆ ಅರ್ಥವಾಗದ ಭಾಷೆಯಲ್ಲಿ ಹಾಡಿದರೆ ಅಂಕ ಹೋಗುತ್ತದೆ ಎನ್ನುವುದು ಶಿಕ್ಷಕಿಯರ ಆಕ್ಷೇಪ. ಇದು ನ್ಯಾಯವಾದ ಆತಂಕ. ಸ್ವರ, ತಾಳ, ಉಚ್ಚಾರ, ಭಾವ ಎಂದು ಅಂಕಗಳನ್ನು ಹಂಚುವಾಗ ಕೊನೆಯ ಎರಡಕ್ಕೆ ಭಾಷೆ ತಿಳಿದಿರಬೇಕು. ಗೀತೆಯ ಪಾಠವನ್ನೂ ಸಾರಾಂಶವನ್ನೂ ಅರ್ಧ ಪುಟದಲ್ಲಿ ಬರೆದು ತೀರ್ಪುಗಾರರ ಮೇಜಿನ ಮೇಲಿಡುವುದು, ಕೋರಿದಲ್ಲಿ ಕನ್ನಡ ಬಲ್ಲ ಒಬ್ಬ ತೀರ್ಪುಗಾರರನ್ನು ಸಂಘವೇ ಕಳುಹಿಸುವುದು ಇದಕ್ಕೆ ಪರಿಹಾರ. ಎರಡಕ್ಕೂ ಖರ್ಚಿಲ್ಲ.

ಶಾಲೆಗಳು ಏಕೆ ಒಪ್ಪಬೇಕು ಎನ್ನುವುದು ಮೂರನೆಯದು. ಬರಿಗೈಯಲ್ಲಿ ಹೋಗಿ ಕೋರಿದರೆ ಒಪ್ಪಲಾರವು. ಸಿದ್ಧವಾದ ಹಾಡಿನೊಡನೆ, ಅದನ್ನು ಕಲಿಸುವ ಒಬ್ಬರೊಡನೆ ಹೋದರೆ ಒಪ್ಪುವ ಸಂಭವ ಹೆಚ್ಚು. ಅರೆಕಾಲಿಕ ಶಿಕ್ಷಕಿಗೆ ಅದು ಹೊರೆಯ ಬದಲು ನೆರವಾಗುತ್ತದೆ. 1979ರಲ್ಲಿ ಸ್ಥಾಪನೆಯಾದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಶಿಕ್ಷಕರಿಗೆ ನಾನಾ ಭಾಷೆಗಳ ಸಮೂಹಗೀತೆಗಳನ್ನು ಕಲಿಸುತ್ತ ಬಂದಿದೆ. ಅದರ ಪ್ರಾದೇಶಿಕ ಕೇಂದ್ರ ನಮ್ಮ ಹೈದರಾಬಾದಿನಲ್ಲೇ ಇದೆ. ಅನ್ಯಭಾಷೆಯ ಹಾಡನ್ನು ಶಾಲೆಗೆ ತರುವುದು ಶಿಕ್ಷಕರಿಗೆ ಅಪರಿಚಿತವಾದ ಕಲ್ಪನೆಯಲ್ಲ.

ಅಡಚಣೆ ಹೊರಗಿಗಿಂತ ಒಳಗೆ ಹೆಚ್ಚಾಗಿದೆ ಎಂದು ನನಗನಿಸುತ್ತದೆ. ನಮ್ಮ ಸಂಘಗಳ ರಾಜ್ಯೋತ್ಸವವನ್ನೇ ನೋಡಿ. ದೊಡ್ಡ ಮೊತ್ತ ಕೊಟ್ಟು ಬೆಂಗಳೂರಿನಿಂದ ವಾದ್ಯಗೋಷ್ಠಿಯನ್ನು ಕರೆಸುತ್ತೇವೆ. ಶಾಲೆಯ ತಂಡಗಳಲ್ಲಿ ಬಹುಮಾನ ಗೆದ್ದ ನಮ್ಮದೇ ಹುಡುಗಿಯರು ಮೂರನೆಯ ಸಾಲಿನಲ್ಲಿ ಕುಳಿತು ಚಿತ್ರಗೀತೆ ಕೇಳುತ್ತಾರೆ. ಮಕ್ಕಳ ಸ್ಪರ್ಧೆಯೆಂದರೆ ಬಹುಮಟ್ಟಿಗೆ ಒಂಟಿ ಗಾಯನ, ಅದೂ ಮೊಬೈಲಿನ ಸಂಗೀತದ ಹಾಸಿನ ಮೇಲೆ. 1996ರಲ್ಲಿ ಈಟಿವಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ 'ಪಾಡುತಾ ತೀಯಗಾ' ಪ್ರಾರಂಭವಾದಂದಿನಿಂದ, ಅನಂತರ ಕನ್ನಡದ 'ಎದೆ ತುಂಬಿ ಹಾಡುವೆನು' ಬಂದಂದಿನಿಂದ, ಎಷ್ಟೋ ಪ್ರತಿಭೆಗಳು ಬೆಳಕಿಗೆ ಬಂದವು. ಅದು ಸಣ್ಣ ಉಪಕಾರವಲ್ಲ. ಜೊತೆಗೆ ಹಾಡುವುದೆಂದರೆ ಒಬ್ಬರೇ ನಿಂತು ಗೆಲ್ಲುವುದು ಎಂಬ ಭಾವನೆಯೂ ತಂದೆತಾಯಿಗಳಲ್ಲಿ ಬೇರೂರಿತು. ಸಾಧಾರಣ ಕಂಠದ ಹುಡುಗಿಗೆ ಅಲ್ಲಿ ಸ್ಥಾನವಿಲ್ಲ. ವೃಂದದಲ್ಲಿ ಅವಳಿಗೆ ಸ್ಥಾನವಿದೆ. ಶ್ರುತಿ ಬಿಡದೆ, ಪಕ್ಕದವಳ ದನಿಯನ್ನು ಮೀರದೆ ಹಾಡುವುದನ್ನು ಅವಳು ಕಲಿಯುತ್ತಾಳೆ. ಭಾಷೆಯೂ ಸಾಧಾರಣ ಕಂಠಗಳಲ್ಲೇ ಉಳಿಯಬೇಕಾದ ವಸ್ತು.

ಇದಕ್ಕಾಗಿ ಸಂಘಗಳು ಕೈಗೊಳ್ಳಬಹುದಾದ ಕೆಲಸವನ್ನು ಲೆಕ್ಕದವನ ರೀತಿಯಲ್ಲೇ ಬಾಬುವಾರು ಹೇಳುತ್ತೇನೆ. ವೃಂದಗಾನಕ್ಕೆ ಒಗ್ಗುವ ನಾಲ್ಕು ಗೀತೆಗಳನ್ನು ಆರಿಸಬೇಕು. ನಾಲ್ಕೂ ನಾಡಿನ ಹೊಗಳಿಕೆಯವೇ ಆಗಿದ್ದರೆ ಇತರರಿಗೆ ರುಚಿಸದು. ಒಂದು ವಚನ, ಒಂದು ದಾಸರ ಪದ ಅಥವಾ ಶಿಶುನಾಳ ಶರೀಫರ ತತ್ವಪದ, ಒಂದು ಬೀಸುವ ಪದ, ಒಂದು ಆಧುನಿಕ ಕವಿಯ ಗೀತೆ ಇರಲಿ. ಹಕ್ಕುಳ್ಳ ಕವಿತೆಯಾದರೆ ಒಪ್ಪಿಗೆ ಪಡೆದು, ಕವಿಯ, ರಾಗಸಂಯೋಜಕರ ಹೆಸರು ನಮೂದಿಸಬೇಕು. ಗೀತೆಯನ್ನು ತೆಲುಗು ಮತ್ತು ನಾಗರಿ ಲಿಪಿಗಳಲ್ಲಿ, ಸ್ವರಪ್ರಸ್ತಾರದೊಡನೆ, ಅರ್ಥಸಹಿತ ಬರೆದುಕೊಡಬೇಕು.

ಶ್ರುತಿಯ ವಿಷಯ ಮುಖ್ಯವಾದದ್ದು. ಇದನ್ನು ನಾವು ಗಮನಿಸುವುದೇ ಇಲ್ಲ. ನಮ್ಮ ಸುಗಮ ಸಂಗೀತದ ಪ್ರಸಿದ್ಧ ಧ್ವನಿಮುದ್ರಣಗಳು ಹೆಚ್ಚಾಗಿ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮುಂತಾದ ಗಂಡುಕಂಠಗಳವು, ಒಂದು-ಎರಡು ಮನೆಯ ಆಸುಪಾಸಿನ ಶ್ರುತಿಯವು. ಹೆಣ್ಣುಮಕ್ಕಳಿಗೆ ಹೊಂದುವುದು ಐದು, ಐದೂವರೆ ಮನೆ. ಮುದ್ರಿತ ಹಾಸಿನ ಮೇಲೆ ಹಾಡಿಸಿದರೆ ಮಂದ್ರದಲ್ಲಿ ದನಿ ಹೂತುಹೋಗುತ್ತದೆ, ತಾರದಲ್ಲಿ ಕಿರಿಚಾಟವಾಗುತ್ತದೆ. ಹಾಡು ಸರಿಯಿಲ್ಲವೆಂದು ಶಿಕ್ಷಕಿ ಕೈಬಿಡುತ್ತಾರೆ. ಹುಡುಗಿಯರದೇ ದನಿಯಲ್ಲಿ, ಅವರ ಶ್ರುತಿಯಲ್ಲಿ, ಹಾರ್ಮೋನಿಯಂ ತಬಲಾಗಳ ಸರಳ ಪಕ್ಕವಾದ್ಯದೊಡನೆ ಮಾದರಿ ಮುದ್ರಣವನ್ನು ಸಂಘವೇ ಮಾಡಿಸಬೇಕು. ನಾಡಗೀತೆಯ ಮಟ್ಟಿಗೆ ಗೊಂದಲವನ್ನು ಸರ್ಕಾರವೇ ನಿವಾರಿಸಲೆತ್ನಿಸಿದೆ: 2004ರಲ್ಲಿ ಅಂಗೀಕೃತವಾದ ಕುವೆಂಪು ಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಬೇಕೆಂದು 2022ರಲ್ಲಿ ಆದೇಶವಾಯಿತು. ಸ್ಪರ್ಧೆಯ ಗೀತೆಗಳಿಗೂ ಇಂತಹ ಒಂದು ನಿಶ್ಚಿತತೆ ಬೇಕು.

ಕಲಿಸುವವರು ಯಾರು? ನಮ್ಮ ಮನೆಗಳಲ್ಲೇ ಇದ್ದಾರೆ. ಧಾರವಾಡ, ಮೈಸೂರು, ಕಲಬುರಗಿಗಳಲ್ಲಿ ಸಂಗೀತದ ಪರೀಕ್ಷೆಗಳನ್ನು ಮುಗಿಸಿ, ಮದುವೆಯಾಗಿ ಈ ಊರಿಗೆ ಬಂದು, ತಂಬೂರಿಯನ್ನು ಅಟ್ಟದ ಮೇಲಿಟ್ಟ ಸೋದರಿಯರನ್ನು ನಾನು ಬಲ್ಲೆ. ಶನಿವಾರಕ್ಕೊಂದು ಗಂಟೆಯಂತೆ ಎರಡು ತಿಂಗಳು ಅವರು ಒಂದು ಶಾಲೆಗೆ ಹೋದರೆ ಒಂದು ಹಾಡು ಸಿದ್ಧವಾಗುತ್ತದೆ. ಅವರಿಗೆ ಸೂಕ್ತ ಗೌರವಧನವನ್ನೂ ಆಟೋ ಖರ್ಚನ್ನೂ ಕೊಡಬೇಕು. ಹೆಂಗಸರ ಶ್ರಮವನ್ನು ಸೇವೆಯೆಂದು ಹೊಗಳಿ ಪುಕ್ಕಟೆ ಪಡೆಯುವ ಅಭ್ಯಾಸ ನಮ್ಮ ಸಂಘಗಳಲ್ಲಿ ಇನ್ನು ನಿಲ್ಲಬೇಕು. ವಾದ್ಯಗೋಷ್ಠಿಯ ವೆಚ್ಚದ ಒಂದು ಸಣ್ಣ ಅಂಶ ಇದಕ್ಕೆ ಸಾಕು.

ಇದರಲ್ಲಿ ಕಾಲದ ಪ್ರಶ್ನೆಯೂ ಇದೆ. ಹತ್ತನೆಯ ತರಗತಿ ಮುಗಿದೊಡನೆ ಈ ನಗರದ ಹುಡುಗಿಯರು ಇಂಟರ್‌ಮೀಡಿಯೆಟ್ ಕಾಲೇಜುಗಳ, ಪ್ರವೇಶ ಪರೀಕ್ಷೆಯ ಕೋಚಿಂಗಿನ ಪಾಲಾಗುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಪಾಠ. ಸಂಗೀತದ ಪೀರಿಯಡ್ ಎಂಬುದೇ ಇಲ್ಲ. ಅನೇಕರ ಹಾಡು ಅಲ್ಲಿಗೆ ಶಾಶ್ವತವಾಗಿ ನಿಲ್ಲುತ್ತದೆ. ಆರನೆಯ ತರಗತಿಯಿಂದ ಹತ್ತನೆಯದರವರೆಗಿನ ಐದು ವರ್ಷಗಳೇ ನಮ್ಮ ಕೈಗೆ ಸಿಗುವ ಅವಧಿ. ಆ ಅವಧಿಯಲ್ಲಿ ಕಿವಿಗೆ ಬಿದ್ದು ನಾಲಗೆಗೆ ಹತ್ತಿದ ಹಾಡು ಮುಂದೆ ಅಮೆರಿಕಕ್ಕೆ ಹೋದರೂ ಮರೆಯುವುದಿಲ್ಲ. ಬೀಳದಿದ್ದರೆ ಮುವ್ವತ್ತನೆಯ ವಯಸ್ಸಿನಲ್ಲಿ ತನ್ನ ಮಗುವಿಗೆ ಹಾಡಲು ಅವಳ ಬಳಿ ಕನ್ನಡದ್ದೇನೂ ಇರುವುದಿಲ್ಲ.

ಇತರ ರಾಜ್ಯಗಳಲ್ಲಿರುವ ಓದುಗ ಬಂಧುಗಳೂ ತಂತಮ್ಮ ಊರಿನ ಶಾಲಾ ಸ್ಪರ್ಧೆಗಳ ನಿಯಮಾವಳಿಯನ್ನು ಒಮ್ಮೆ ತರಿಸಿ ಓದಬೇಕೆಂದು ಕೋರುತ್ತೇನೆ. ಎಲ್ಲಿ ಭಾಷೆಯ ಆಯ್ಕೆ ಮುಕ್ತವಾಗಿದೆಯೋ ಅಲ್ಲಿ ಅರ್ಜಿಯೂ ಬೇಕಿಲ್ಲ, ಹಾಡು ಸಾಕು. ಎಲ್ಲಿ ಪಟ್ಟಿ ಮುಚ್ಚಿದೆಯೋ ಅಲ್ಲಿ ಕೇರಳದ ಕಲೋತ್ಸವವನ್ನೂ ಕರ್ನಾಟಕದ ಪ್ರತಿಭಾ ಕಾರಂಜಿಯನ್ನೂ ಉದಾಹರಿಸಿ ಒಂದು ಮನವಿ ಸಲ್ಲಿಸಬಹುದು. ಹೈದರಾಬಾದಿನ ಮಟ್ಟಿಗೆ ನನ್ನ ಸೂಚನೆ ಇಷ್ಟು: ಬರುವ ರಾಜ್ಯೋತ್ಸವಕ್ಕೆ ನಾಂಪಲ್ಲಿ ಭಾಗದ ಎರಡು ಬಾಲಕಿಯರ ಶಾಲೆಗಳ ತಂಡಗಳನ್ನು, ಅವು ಇರುವ ಹಾಗೆಯೇ, ಎಲ್ಲ ಭಾಷೆಯ ಹುಡುಗಿಯರೊಡನೆ ಆಹ್ವಾನಿಸೋಣ. ಒಂದು ತೆಲುಗು ಗೀತೆ, ಒಂದು ಕನ್ನಡ ಗೀತೆ ಹಾಡಲಿ. ಕಾರ್ಯಕ್ರಮದ ಆರಂಭದಲ್ಲಿ, ಸಭಿಕರೆಲ್ಲ ಕುಳಿತಿರುವಾಗ ಅವರಿಗೆ ಸಮಯ ಕೊಡೋಣ. ಚಹಾ ಹಂಚುವ ವೇಳೆಯಲ್ಲಿ ಬೇಡ. ಕಾರ್ಯಕಾರಿ ಸಮಿತಿ ಇದನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿಕೊಳ್ಳಬೇಕೆಂದು ವಿನಂತಿ.